ಬೀಗತಿಗೆ ಹೇಳದೆ ಉಳಿದ ಮಾತು

ನನ್ನ ಎಡ ಮೊಣಕಾಲು ಪೂರ್ತಿ ಮಡಚುವುದಿಲ್ಲ, ಪೂರ್ತಿ ಚಾಚುವುದೂ ಇಲ್ಲ. ನಡುವೆ ಎಲ್ಲೋ ಒಂದು ಕಡೆ ನಿಂತುಬಿಟ್ಟಿದೆ. ಜಹೀರಾಬಾದಿನ ನನ್ನ ಹೊಲಿಗೆ ಅಂಗಡಿಗೆ ಮೊದಲ ಸಲ ಬರುವ ಗಿರಾಕಿಗಳು ತಮ್ಮ ಅಳತೆ ಕೊಡುವ ಮುಂಚೆ ನನ್ನ ಕಾಲನ್ನು ಕಣ್ಣಲ್ಲೇ ಅಳೆಯುತ್ತಾರೆ. ಆಮೇಲೆ ಕೇಳೇ ಕೇಳುತ್ತಾರೆ.

"ಕಾಲಿಗಿ ಏನಾಗ್ಯಾದ್ರಿ ಮಾಸ್ತರ?"

"ಸಣ್ಣಾವಿದ್ದಾಗ ನ್ಯಾಲ್ಕಲ್ ರೋಡಿನಾಗ ಜೀಪಿನಿಂದ ಬಿದ್ದಿದ್ನಿರಿ."

ಇದು ಶುದ್ಧ ಸುಳ್ಳು. ಶುರು ಮಾಡಿದವರು ನಮ್ಮಪ್ಪ, ಬೆಳೆಸಿದವನು ನಾನು. ವರ್ಷ ಕಳೆದಂತೆ ಆ ಜೀಪಿನೊಳಗೆ ಎರಡು ಮೇಕೆಗಳನ್ನು ಹತ್ತಿಸಿದೆ, ಡ್ರೈವರನ ಕುತ್ತಿಗೆಗೆ ಕೆಂಪು ಟವಲ್ಲು ಹಾಕಿದೆ. ಕೇಳಿದವರೆಲ್ಲ ಚ್ಚು ಚ್ಚು ಎಂದು ಕನಿಕರಪಟ್ಟು, ಆ ಕಾಲದ ಜೀಪಿನವರನ್ನು ಬೈದು, ತಮ್ಮ ಬ್ಲೌಸ್ ಪೀಸು ನನ್ನ ಮುಂದೆ ಇಟ್ಟು ಹೋಗುತ್ತಿದ್ದರು. ಮನೆಯಲ್ಲಿ ನಿಜ ಗೊತ್ತಿದ್ದ ಹೆಂಡತಿಗೂ ಮಕ್ಕಳಿಗೂ ಈ ಕಥೆ ಬಾಯಿಪಾಠವಾಗಿತ್ತು.

ನಿಜ ಏನೆಂದರೆ ನನಗೆ ಹುಟ್ಟಿನಿಂದ ಹಿಮೋಫಿಲಿಯಾ ಇದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ನನ್ನ ಮೈಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇಂಥವನು ಟೇಲರ್ ಆಗಿ ದಿನಾ ಸೂಜಿ ಹಿಡಿಯುತ್ತಾನೆಂದರೆ ತಿಳಿದವರು ಗಾಬರಿಯಾಗುತ್ತಾರೆ. ಸೂಜಿ ಚುಚ್ಚಿದ ಗಾಯವನ್ನು ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನಿಲ್ಲುತ್ತದೆ. ನಮ್ಮನ್ನು ಕೊಲ್ಲುವುದು, ಕುಂಟು ಮಾಡುವುದು ಹೊರಗೆ ಕಾಣದ ರಕ್ತ. ಏನೂ ಪೆಟ್ಟಾಗದೆ ಬೆಳಿಗ್ಗೆ ಏಳುವಷ್ಟರಲ್ಲಿ ಮೊಣಕಾಲು ಬಿಸಿಯಾಗಿ ಊದಿಕೊಂಡಿರುತ್ತಿತ್ತು. ಕೀಲಿನೊಳಗೆ ರಕ್ತ ತುಂಬುವ ಆ ನೋವನ್ನು ನಾನು ಯಾರಿಗೂ ಸರಿಯಾಗಿ ಹೇಳಲಾರೆ. ವರ್ಷಕ್ಕೆ ಎಷ್ಟೋ ಸಲ ಹಾಗಾಗಿ ಕೀಲು ಸವೆದು ಹೋಯಿತು.

ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣನಿಗೂ ಇದೇ ಇತ್ತು. ಶಾಲೆಯ ಕಟ್ಟೆಯ ಮೇಲಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಹೊರಗೆ ಒಂದು ಹನಿ ರಕ್ತವಿರಲಿಲ್ಲ. ಮಧ್ಯಾಹ್ನ ಊಟ ಮಾಡಿದ, ತಲೆನೋವು ಎಂದ, ಮಲಗಿದ. ಸಂಜೆಗೆ ಹೋಗಿಬಿಟ್ಟ. ಅವನು ಹೋದ ಮೇಲೆ ಬಳಗದಲ್ಲಿ "ಆ ಮನಿ ಗಂಡಮಕ್ಕಳು ಉಳ್ಯಂಗಿಲ್ಲ" ಎಂಬ ಮಾತು ಶುರುವಾಯಿತು. ಹಾಗೆಂದ ಮೇಲೆ ಆ ಮನೆಗೆ ಹೆಣ್ಣು ಕೊಡುವವರು ಯಾರು, ಆ ಮನೆಯಿಂದ ಹೆಣ್ಣು ತರುವವರು ಯಾರು? ನನ್ನ ಕಾಲು ಕುಂಟತೊಡಗಿದಾಗ ಅಪ್ಪ ಜೀಪು ಹುಟ್ಟಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಲಾರಿಯನ್ನೇ ಹುಟ್ಟಿಸುತ್ತಿದ್ದೆ.

ಆಗ ಔಷಧಿ ಎಂದರೆ ಐಸು ಮತ್ತು ಹಾಸಿಗೆ. ತೀರಾ ಹೆಚ್ಚಾದರೆ ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ಹೈದರಾಬಾದಿನ ಬಸ್ಸು ಹತ್ತುತ್ತಿದ್ದರು. ಅಲ್ಲಿ ಬೇರೆಯವರು ಕೊಟ್ಟ ರಕ್ತದ ತಿಳಿಯನ್ನು ಗಂಟೆಗಟ್ಟಲೆ ಏರಿಸುತ್ತಿದ್ದರು. ಮುಂದೆ ಸೀಸೆಯಲ್ಲಿ ಪುಡಿಯಾಗಿ ಬರುವ ಫ್ಯಾಕ್ಟರ್, ಅಂದರೆ ನನ್ನಲ್ಲಿಲ್ಲದ ಆ ಅಂಶವೇ, ಬಂತು. ಮೊದಮೊದಲು ಕೊಂಡುಕೊಳ್ಳುವುದು ನಮ್ಮಂಥವರ ಮಾತಾಗಿರಲಿಲ್ಲ, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗತೊಡಗಿತು. ಆಮೇಲೆ ಅದು ಜಿಲ್ಲಾ ಆಸ್ಪತ್ರೆಯ ಮಹಡಿಯ ಒಂದು ಕೋಣೆಗೂ ಬಂತು. ಈಗ ಹೊಸ ಔಷಧಿ ಬಂದಿದೆ. ನರ ಹುಡುಕುವ ಗೋಜಿಲ್ಲ, ಚರ್ಮದ ಕೆಳಗೆ ಸಣ್ಣ ಸೂಜಿ, ನನಗೆ ತಿಂಗಳಿಗೊಮ್ಮೆ. ಅದು ಶುರುವಾದ ಮೇಲೆ ನನ್ನ ಕೀಲುಗಳು ಊದಿಲ್ಲ. ಕೆಟ್ಟ ಮೊಣಕಾಲು ಸರಿಹೋಗಲಿಲ್ಲ, ಆದರೆ ಉಳಿದ ಕೀಲುಗಳು ಉಳಿದವು. ನಾನು ಬೆಳಿಗ್ಗೆ ಎದ್ದು ಮೈಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವ ಚಾಳಿಯನ್ನೇ ಬಿಟ್ಟೆ.

ಆ ಕೋಣೆಯ ಸಿಸ್ಟರ್ ನ್ಯಾಲ್ಕಲ್ ಕಡೆಯವರು. ಬಂದವರೊಡನೆ ತೆಲುಗು, ಉರ್ದು, ಮರಾಠಿ ಮಾತಾಡಿ, ನನ್ನ ಸರದಿ ಬಂದಾಗ ನಮ್ಮ ಕನ್ನಡಕ್ಕೆ ಇಳಿಯುತ್ತಾರೆ. ಒಂದು ದಿನ ಹೊಸ ಕಾರ್ಡು ತುಂಬುತ್ತಾ ಕೇಳಿದರು:

"ಮಕ್ಕಳೆಷ್ಟ್ರಿ ನಿಮಗ?"

"ಇಬ್ರು. ಮಗ, ಮಗಳು. ಮಗನಿಗಿ ಇದು ಬಂದಿಲ್ರಿ. ನನ್ನ ಜೋಡಿನೇ ಮುಗೀತು," ಎಂದೆ. ಆ ಕೋಣೆಯಲ್ಲಿ ಎಲ್ಲರಿಗೂ ಹೀಗೇ ಎದೆಯುಬ್ಬಿಸಿ ಹೇಳುತ್ತಿದ್ದೆ.

ಸಿಸ್ಟರ್ ಪೆನ್ನು ಕೆಳಗಿಟ್ಟರು. "ಮಗನಿಗಿ ಬರಂಗೇ ಇಲ್ರಿ. ತಂದಿ ಕಡಿಂದ ಗಂಡುಮಗನಿಗಿ ಇದು ಹೋಗಂಗಿಲ್ಲ. ಹೆಣ್ಣುಮಗಳಿಗಿ ಹೋಗದೇ ಇರಂಗಿಲ್ಲ. ಮಗಳು ಎಲ್ಲಿದ್ದಾಳ?"

"ತಾಂಡೂರಿಗಿ ಕೊಟ್ಟೀವ್ರಿ. ಈಗ ಐದು ತಿಂಗಳ ಬಸಿರಿ."

"ಅವಳಿಗಿ ಗಂಡು ಹುಟ್ಟಿದ್ರ ಅದಕ್ಕ ಬರ್ಬಹುದು, ಬರದೇನೂ ಇರ್ಬಹುದು. ಅರ್ಧಕ್ಕರ್ಧ."

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. "ಏನ್ ಮಾತಾಡ್ತೀರಿ ಸಿಸ್ಟರ್? ಅವಳನ್ನ ಕೊಟ್ಟು ಎರಡು ವರ್ಷ ಆತು. ಅವಳ ಬೆಡಗೇ ಬ್ಯಾರೆ ಆಗ್ಯಾದ," ಎಂದೆ.

ಬೆಡಗು ಎಂದರೆ ನಮ್ಮಲ್ಲಿ ವಂಶದ ಹೆಸರು. ಮದುವೆಯಾದ ದಿನ ಹೆಣ್ಣುಮಗಳು ತಂದೆಯ ಬೆಡಗು ಬಿಟ್ಟು ಗಂಡನ ಬೆಡಗಿಗೆ ಸೇರುತ್ತಾಳೆ. ತಂದೆಯ ಮನೆದೇವರ ಸಿಟ್ಟು, ಹರಕೆ, ಬಾಕಿ ಉಳಿದ ನೇಮ, ಯಾವುದೂ ಅವಳ ಬೆನ್ನು ಹತ್ತುವುದಿಲ್ಲ ಎಂದು ನಾವು ನಂಬಿದ್ದೇವೆ. ಅದೇ ಲೆಕ್ಕದಲ್ಲಿ ರೋಗವನ್ನೂ ಸೇರಿಸಿಕೊಂಡಿದ್ದೆ. ಮಗನನ್ನು ವರ್ಷಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಮಗಳ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಅವಳಿಗೆ ತಿಂಗಳ ಮುಟ್ಟು ಎಂಟು ದಿನ, ಹತ್ತು ದಿನ ನಿಲ್ಲದೆ ಹೋಗುತ್ತಿತ್ತು. "ನಮ್ಮ ಮನಿ ಹೆಣ್ಣುಮಕ್ಕಳಿಗಿ ಹಂಗೇ" ಎಂದು ನನ್ನ ಅವ್ವನೇ ಹೇಳುತ್ತಿದ್ದಳು. ಅದೂ ಇದೇ ರಕ್ತದ ಮಾತು ಎಂದು ಯಾರಿಗೆ ಗೊತ್ತಿತ್ತು?

"ನಿಮ್ಮ ತಾಯಿಗಿ ಅಣ್ಣತಮ್ಮರು ಇದ್ರೇನ್ರಿ?" ಸಿಸ್ಟರ್ ಕೇಳಿದರು.

ಇದ್ದರು. ಬೊಮ್ರಾಸಪೇಟೆಯಲ್ಲಿ ಒಬ್ಬ ಸೋದರಮಾವ, ಮೀಸೆ ಚಿಗುರುವ ವಯಸ್ಸಿನಲ್ಲಿ ಕಾಲಿಗೆ ಕುಡುಗೋಲು ತಾಗಿ, ರಕ್ತ ನಿಲ್ಲದೆ ಹೋದವನು. ಅವನು ಬೇರೆ ಮನೆಯವನು, ಬೇರೆ ಬೆಡಗಿನವನು ಎಂದು ಅವನನ್ನೂ ನಮ್ಮಣ್ಣನನ್ನೂ ಯಾರೂ ಒಟ್ಟಿಗೆ ನೆನೆದಿರಲಿಲ್ಲ. ಅಪ್ಪ ತಮ್ಮ ವಂಶದ ತಪ್ಪೇ ಇದು ಎಂದುಕೊಂಡು ಸಾಯುವವರೆಗೂ ಮನೆದೇವರ ಮುಂದೆ ತಪ್ಪು ಕಾಣಿಕೆ ಇಟ್ಟರು. ಅವ್ವ ಅವರ ಜೊತೆ ಸೋಮವಾರ ಉಪವಾಸವಿದ್ದಳು. ಇದು ತನ್ನ ಕಡೆಯಿಂದ ಬಂದದ್ದೆಂದು ತಿಳಿಯದೆ ಹೋದಳಲ್ಲ, ಅದೊಂದು ಒಳ್ಳೆಯದಾಯಿತು. ತಿಳಿದಿದ್ದರೆ ಅಣ್ಣನ ಸಾವನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಳು. ಯಾರ ತಪ್ಪೂ ಅಲ್ಲ ಎಂದು ಹೇಳುವ ಇಂಥ ಸಿಸ್ಟರ್ ಆಗ ನಮಗೆ ಸಿಕ್ಕಿರಲಿಲ್ಲ.

ಸಿಸ್ಟರ್ ಬಿಡಿಸಿ ಹೇಳಿದರು. ಮಗಳ ರಕ್ತ ಪರೀಕ್ಷೆ ಆಗಬೇಕು. ಅವಳಿಗೇ ಹೆರಿಗೆಯಲ್ಲಿ ರಕ್ತಸ್ರಾವ ಹೆಚ್ಚಾಗಬಹುದು. ಹೆರಿಗೆ ಊರಿನ ನರ್ಸಿಂಗ್ ಹೋಮಿನಲ್ಲಿ ಬೇಡ, ಫ್ಯಾಕ್ಟರ್ ಇರುವ ಹೈದರಾಬಾದಿನ ದೊಡ್ಡಾಸ್ಪತ್ರೆಯಲ್ಲಿ ಆಗಬೇಕು. ಮಗುವಿನ ತಲೆಗೆ ಇಕ್ಕಳ ಹಾಕಿ ಎಳೆಯಬಾರದು. ಇದೆಲ್ಲ ಆಗಬೇಕೆಂದರೆ ತಾಂಡೂರಿನವರಿಗೆ ಗೊತ್ತಾಗಬೇಕು. ಗೊತ್ತು ಮಾಡಬೇಕಾದವನು ನಾನು.

ತಾಂಡೂರಿನ ನನ್ನ ಬೀಗತಿ, ಅಂದರೆ ಮಗಳ ಅತ್ತೆ, ಗಂಡ ತೀರಿಕೊಂಡ ಮೇಲೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರವನ್ನು ಒಬ್ಬರೇ ನಡೆಸಿಕೊಂಡು ಬಂದವರು. ಮಗ, ಅಂದರೆ ನನ್ನ ಅಳಿಯ, ಲಾರಿಯ ಜೊತೆ ಊರೂರು ತಿರುಗುತ್ತಾನೆ. ಲಾರಿಗೆ ಏರುವ ಒಂದೊಂದು ಕಲ್ಲನ್ನೂ ಬೆರಳ ಗಿಣ್ಣಿನಿಂದ ತಟ್ಟಿ, ಸದ್ದು ಕೇಳಿಯೇ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಾರೆ. ಇಂಥವರ ಮುಂದೆ ಕೂತು ನಾನು ಎರಡು ವರ್ಷದ ಹಿಂದೆ, ಮದುವೆಯ ಮಾತುಕತೆಯಲ್ಲಿ, ಮೇಕೆ, ಕೆಂಪು ಟವಲ್ಲು ಸಮೇತ ಜೀಪಿನ ಕಥೆ ಹೇಳಿದ್ದೆ.

ಸಿಸ್ಟರ್ ಹೇಳಿದ ಮರುದಿನವೇ ಬಸ್ಸು ಹತ್ತಿ ತಾಂಡೂರಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬೀಗತಿ ಬಿಸಿ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿ ಬಡಿಸಿದರು. "ಏನ್ರಿ ಬೀಗ್ರೇ, ಹೇಳದ ಕೇಳದ ಬಂದೀರಿ, ಎಲ್ಲಾ ಆರಾಮ ಅದಾರಲ್ಲ?" ಎಂದರು. "ಏನಿಲ್ರಿ ಅಕ್ಕಾರೆ, ಮಗಳ ಕುಬಸದ ಅಳತಿ ಬೇಕಾಗಿತ್ತು" ಎಂದುಬಿಟ್ಟೆ. ಮೊದಲ ಬಸಿರಿಗೆ ತವರಿನವರು ಹಸಿರು ಸೀರೆ, ಹಸಿರು ಕುಬಸ, ಅಂದರೆ ರವಿಕೆ, ತೊಡಿಸಿ ಹಬ್ಬ ಮಾಡಿ, ಹೆರಿಗೆಗೆ ಕರೆದುಕೊಂಡು ಹೋಗುವುದು ನಮ್ಮ ಪದ್ಧತಿ. ಅದಕ್ಕಿನ್ನೂ ಎರಡು ತಿಂಗಳಿತ್ತು. ಹುಟ್ಟಿದಾಗಿನಿಂದ ಬಟ್ಟೆ ಹೊಲಿದು ಹಾಕಿದ ಮಗಳ ಅಳತೆ ತೆಗೆಯಲು ಬಸ್ಸು ಹತ್ತಿ ಬಂದ ಟೇಲರನನ್ನು ಮಗಳೇ ವಿಚಿತ್ರವಾಗಿ ನೋಡಿದಳು. ಟೇಪು ಹಿಡಿದು ಅಳೆದು, ಚೀಟಿಯಲ್ಲಿ ಬರೆದುಕೊಂಡು, ಮಧ್ಯಾಹ್ನದ ಬಸ್ಸಿಗೆ ವಾಪಸ್ಸಾದೆ.

ಹೆಂಡತಿ ಉಗಿದಳು. ನನಗೆ ನಾನೂ ಉಗಿದುಕೊಂಡೆ. ಫೋನಿನಲ್ಲಿ ಹೇಳೋಣವೆಂದು ನಾಲ್ಕು ಸಲ ನಂಬರು ಒತ್ತಿ, ಹವಾಮಾನ ವಿಚಾರಿಸಿ ಇಟ್ಟೆ. ಗಿರಾಕಿಗಳ ಬಟ್ಟೆಯಲ್ಲಿ ತಪ್ಪು ಮಾಡಿದೆ, ಒಂದು ಅಂಗಿಗೆ ಎರಡೂ ಎಡ ತೋಳು ಹಚ್ಚಿದೆ. ಹೀಗೇ ಏಳನೇ ತಿಂಗಳು ಬಂತು.

ಕುಬಸದ ದಿನ ತಾಂಡೂರಿನ ಮನೆ ತುಂಬಿತ್ತು. ಹಸಿರು ಸೀರೆಯಲ್ಲಿ, ನಾನು ಹೊಲಿದ ಕುಬಸದಲ್ಲಿ ಮಗಳು ಕೂತಿದ್ದಳು. ಹೆಂಗಸರು ಆರತಿ ಮಾಡಿ, ಹೋಳಿಗೆ ಉಂಡು, ಕುಬಸದ ತೋಳಿನ ಅಂಚನ್ನು ಮುಟ್ಟಿ ಹೊಗಳಿದರು. ಇನ್ನೇನು ನಾವು ಮಗಳನ್ನು ಕರೆದುಕೊಂಡು ಹೊರಡಬೇಕು. ಹಿತ್ತಲಲ್ಲಿ ಕೈ ತೊಳೆಯಲು ಹೋದಾಗ ಬೀಗತಿ ಒಬ್ಬರೇ ಇದ್ದರು. ನೀರಿನ ಚೊಂಬು ನನ್ನ ಕೈಗಿತ್ತರು. ಅದನ್ನು ಹಿಡಿದುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ. ಅಣ್ಣ, ಸೋದರಮಾವ, ನನ್ನ ಕಾಲು, ಮಗಳ ರಕ್ತ, ಹುಟ್ಟುವ ಮಗು. ಹೇಳಿ ಮುಗಿಸಿದಾಗ ಚೊಂಬಿನ ನೀರೆಲ್ಲ ನನ್ನ ಧೋತರದ ಮೇಲಿತ್ತು.

ಬೀಗತಿ ಖಾಲಿ ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಜೀಪು?"

"ಸುಳ್ಳ್ರಿ ಅಕ್ಕಾರೆ."

"ಆ ಡ್ರೈವರನ ಕೆಂಪು ಟವಲ್ಲು?"

"ಅದೂ ಸುಳ್ಳೇ."

"ನಾ ಕಲ್ಲು ಮಾರಾಕಿ ಇದ್ದೀನ್ರಿ ಬೀಗ್ರೇ. ಬಿರುಕಿದ್ರ ಬಿರುಕದ ಅಂತ ಹೇಳೇ ಮಾರ್ತೀನಿ. ತಗೊಳ್ಳೋರು ತಗೋತಾರ, ಬಿಡೋರು ಬಿಡ್ತಾರ. ನೀವು ಹೇಳಿದ್ರ ನಾ ಸೊಸಿನ್ನ ಬ್ಯಾಡ ಅಂತಿದ್ದಿಲ್ಲ. ಏಳು ತಿಂಗಳು ಆಕಿ ಬಸಿರು ಹೊತ್ತು ಕಲ್ಲಿನ ಮೆಟ್ಟಲ ಹತ್ತಿ ಇಳಿದಾಳ. ಎಲ್ಲಿಯಾರ ಬಿದ್ದಿದ್ರ? ಆಕಿದು ರಕ್ತ ನಿಲ್ಲಂಗಿಲ್ಲ ಅಂತ ನನಗ ಯಾರು ಹೇಳ್ತಿದ್ರು?"

ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಇವತ್ತು ಸೊಸಿನ್ನ ಕಳಸಂಗಿಲ್ಲ. ಮೊದಲ ಆ ಸಿಸ್ಟರ್‌ನ ತೋರ್ಸ್ರಿ," ಎಂದು ಒಳಗೆ ಹೋದರು.

ಕುಬಸ ತೊಡಿಸಿ ಮಗಳನ್ನು ಬಿಟ್ಟು ಬರಿಗೈಯಲ್ಲಿ ಬಂದ ತವರಿನವರು ನಾವೇ ಇರಬೇಕು. ಅಷ್ಟರಲ್ಲಿ ಅತ್ತೆಯಿಂದ ಎಲ್ಲ ತಿಳಿದಿದ್ದ ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ಎಲ್ಲರಕಿಂತ ಮೊದಲ ನನಗ ಹೇಳಬೇಕಿತ್ತು ನೀ" ಎಂದಳು. ಅದು ಬೀಗತಿಯ ಬೈಗುಳಕ್ಕಿಂತ ಜೋರಾಗಿ ತಾಗಿತು. ಗಾಡಿಯಲ್ಲಿ ಹೆಂಡತಿ ಅಳುತ್ತಿದ್ದಳು. ಜಹೀರಾಬಾದು ಹತ್ತಿರವಾದಾಗ ಕಣ್ಣೊರೆಸಿಕೊಂಡು, "ಹೇಳಿದ್ರಲ್ಲ, ಪಾರಾದ್ರಿ" ಎಂದಳು. ನನಗೆ ಪಾರಾದಂತೆ ಅನ್ನಿಸಲಿಲ್ಲ.

ಮೂರನೆಯ ದಿನ ಬೀಗತಿ ಸೊಸೆಯನ್ನು ಕರೆದುಕೊಂಡು ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಬಂದರು. ನನ್ನ ಮುಖ ನೋಡಲಿಲ್ಲ. ಸಿಸ್ಟರ್ ಮುಂದೆ ಕೂತು ಒಂದೊಂದೇ ಪ್ರಶ್ನೆ ಕೇಳಿದರು. ಮಗಳ ರಕ್ತ ತೆಗೆದರು. ಆಮೇಲೆ ಬಂದ ವರದಿಯಲ್ಲಿ ಅವಳ ರಕ್ತದಲ್ಲೂ ಆ ಅಂಶ ಕಡಿಮೆಯೇ ಇತ್ತು. ಇಷ್ಟು ವರ್ಷ ನಾವು ರೋಗವಿಲ್ಲದವಳು ಎಂದುಕೊಂಡಿದ್ದವಳಿಗೂ ಒಂದು ಕಾರ್ಡು ಬಂತು.

ಅಂದು ಆ ಕೋಣೆಯಲ್ಲಿ ನಾರಾಯಣಖೇಡ ಕಡೆಯ ಒಬ್ಬ ತರುಣ ಸೂಜಿ ಹಾಕಿಸಿಕೊಳ್ಳಲು ಕೂತಿದ್ದ. ಕುರಿ ಸಾಕುವ ಮನೆಯವನು, ಮೋಟರ್ ಸೈಕಲ್ ಮೇಲೆ ಬಂದಿದ್ದ. ಬೀಗತಿಯ ಕಣ್ಣು ಅವನ ಮೇಲೆ ಬಿತ್ತು.

"ನಿನಗೂ ಇದೇ ಜಡ್ಡೇನಪ?"

"ಹೌದ್ರಿ ಅಮ್ಮಾ. ಮಾಸ್ತರಿಗಿ ಇದ್ದದ್ದೇ."

"ಏನು ಮಾಡ್ತಿ?"

"ಕುರಿ ಅದಾವ್ರಿ. ದಿನಾ ಅವುಗಳ ಹಿಂದ ತಿರಗ್ತೀನಿ."

"ಏಳು. ಕುಕ್ಕರಗಾಲಿಲೆ ಕುಂತು ತೋರ್ಸು."

ತರುಣ ನಾಚಿ ಸಿಸ್ಟರ್ ಕಡೆ ನೋಡಿದ. ಸಿಸ್ಟರ್ ನಗುತ್ತಾ ತಲೆ ಅಲ್ಲಾಡಿಸಿದರು. ಕೂತ. ಬೀಗತಿ "ಏಳು" ಎಂದರು, ಎದ್ದ. "ಇನ್ನೊಮ್ಮಿ" ಎಂದರು. ಅವನು ಪಟಪಟ ಕೂತು ಎದ್ದ. ಬೀಗತಿ ಬಾಗಿ ಅವನ ಎರಡೂ ಮೊಣಕಾಲನ್ನು ನೋಡಿ, ಆಮೇಲೆ ತಿರುಗಿ ನನ್ನ ಕಾಲನ್ನು ನೋಡಿದರು. "ಇವ್ರದು ಯಾಕ ಹಿಂಗಾತು, ಇವನದು ಯಾಕ ನೆಟ್ಟಗದ?" ಎಂದು ಸಿಸ್ಟರನ್ನು ಕೇಳಿದರು.

"ಇವರ ಕಾಲಕ್ಕ ಔಷಧಿ ಇದ್ದಿಲ್ರಿ. ಇವನಿಗಿ ಸಣ್ಣಾವಿದ್ದಾಗಿಂದ ರಕ್ತ ಬರೂಕಿಂತ ಮೊದಲೇ ಕೊಡ್ಲಾಕ ಹತ್ತೀವಿ. ನಿಮ್ಮ ಮೊಮ್ಮಗನಿಗಿ ಬೇಕಾದ್ರ ಇನ್ನೂ ಬೇಗ ಶುರು ಮಾಡ್ತಾರ. ಮುಂದ ಒಮ್ಮೆ ಕೊಟ್ರ ವರ್ಷಗಟ್ಟಲೆ ಸಾಕಾಗೋ ಔಷಧಿನೂ ಬರ್ತದ ಅಂತಾರ ಡಾಕ್ಟರು. ಕೆಲವು ಕಡಿ ಕೊಡಾಕ ಹತ್ಯಾರ. ನಮ್ಮ ತನಕ ಯಾವಾಗ ಬರ್ತದೋ ನಾ ಹೇಳಂಗಿಲ್ರಿ."

"ಅದು ಬರೋತನ ಇದೇ ನಡೀಲಿ," ಎಂದರು ಬೀಗತಿ, ಸಿಸ್ಟರಿಗೆ ಅನುಮತಿ ಕೊಟ್ಟವರಂತೆ.

ಆ ತರುಣನ ಮೊಣಕಾಲು ಕಂಡು ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ? ನಾನು ಕುಕ್ಕರಗಾಲಲ್ಲಿ ಕೂತು ಎಷ್ಟು ವರ್ಷವಾಯಿತೋ ನೆನಪಿಲ್ಲ. ಆದರೆ ಹೊರಗೆ ಬಂದು ಚಹಾ ಕುಡಿಯುವಷ್ಟರಲ್ಲಿ ಹೊಟ್ಟೆಕಿಚ್ಚು ಇಳಿದು, ಇಂಥ ಕಾಲೂ ಈ ರೋಗದಲ್ಲಿ ಇರಬಹುದಲ್ಲ ಎಂದು ಮನಸ್ಸು ಹಗುರಾಗಿತ್ತು. ಬೀಗತಿ ತಮ್ಮ ಚಹಾ ಮುಗಿಸಿ, ಸೊಸೆಯ ಚೀಲವನ್ನು ನನ್ನ ಕೈಗೆ ಕೊಟ್ಟರು. "ಕರ್ಕೊಂಡು ಹೋಗ್ರಿ. ಹೆರಿಗಿ ಹೈದ್ರಾಬಾದಿನಾಗೇ ಆಗ್ಲಿ. ನಾನೂ ಬರ್ತೀನಿ," ಎಂದರು. ಅಂದು ಅವರು ನನ್ನೊಡನೆ ಆಡಿದ ಮಾತು ಅಷ್ಟೇ.

ಹೈದರಾಬಾದಿನ ಆಸ್ಪತ್ರೆಯಲ್ಲಿ ಗಂಡು ಹುಟ್ಟಿತು. ಫ್ಯಾಕ್ಟರ್ ತಯಾರಿಟ್ಟಿದ್ದರು. ಮಗಳು ಕ್ಷೇಮವಾಗಿ ಹೆತ್ತಳು, ಮಗುವಿನ ತಲೆಗೆ ಒಂದು ಗೀರೂ ಆಗಲಿಲ್ಲ. ಹೊಕ್ಕುಳಬಳ್ಳಿಯಿಂದ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ನಾನು ಮಗುವನ್ನು ಎತ್ತಿಕೊಳ್ಳಲಿಲ್ಲ. ಮುಟ್ಟಿದರೆ ಬಂದುಬಿಡುತ್ತದೆ ಎಂದೇನೋ ಒಂದು ಹುಚ್ಚು ಭಯ. ವರದಿಯಲ್ಲಿ ಇದೆ ಎಂದೇ ಬಂತು. ನಾನು ವರಾಂಡದ ಬೆಂಚಿನ ಮೇಲೆ ಕೂತು, ಅಣ್ಣ ಹೋದಾಗ ಅಳದೆ ಉಳಿದದ್ದನ್ನೂ ಸೇರಿಸಿ ಅತ್ತೆ. ಬೀಗತಿ ಮಗುವನ್ನು ತಂದು ನನ್ನ ತೊಡೆಯ ಮೇಲೆ ಇಟ್ಟು ಹೋದರು.

ತೊಟ್ಟಿಲ ದಿನ ನಮ್ಮ ಮನೆಗೆ ಬಂದ ಅವರ ಕಡೆಯ ಹೆಂಗಸೊಬ್ಬಳು ದನಿ ತಗ್ಗಿಸಿ, "ಮಗೀಗಿ ಏನೋ ಅದಂತಲ್ಲ?" ಎಂದಳು. ಬೀಗತಿ ದನಿ ತಗ್ಗಿಸಲಿಲ್ಲ. "ಅಜ್ಜಂದೇ ರಕ್ತ ಬಂದದವ್ವ. ಸೂಜಿ ಹಾಕಸ್ತೀವಿ, ಆಡ್ಕೊಂಡು ಇರ್ತಾನ. ಹೋಳಿಗಿ ಹಾಕ್ಲೇನು ಇನ್ನೊಂದು?" ಎಂದರು. ಪಂಕ್ತಿಯಲ್ಲಿ ಕೂತವರೆಲ್ಲ ಕೇಳಿಸಿಕೊಂಡು ಉಣ್ಣುವುದನ್ನು ಮುಂದುವರಿಸಿದರು.

ಕೆಲವು ತಿಂಗಳ ಮೇಲೆ ಮೊಮ್ಮಗನಿಗೆ ಔಷಧಿ ಶುರು ಮಾಡುವ ಮಾತಾಯಿತು. ಮುಂದೆ ಮನೆಯಲ್ಲೇ ಹಾಕಲು ಬರಬೇಕು, ಮನೆಯವರು ಇಬ್ಬರಾದರೂ ಕಲಿಯಿರಿ ಎಂದರು ಸಿಸ್ಟರ್. ಅಂದು ನನ್ನದೂ ತಿಂಗಳ ಸರದಿ. ತೋಳಿನ ಹಿಂಬದಿಗೆ ನನ್ನ ಕೈ ನನಗೇ ಎಟುಕುವುದಿಲ್ಲ, ಅಲ್ಲಿ ಬೇರೆಯವರೇ ಹಾಕಬೇಕು; ಕಲಿಯಲು ಒಳ್ಳೆಯ ಜಾಗ ಎಂದು ಸಿಸ್ಟರ್ ನನ್ನ ಅಂಗಿಯ ತೋಳು ಮೇಲೆ ಸರಿಸಿದರು. ಮಗಳು ಸೂಜಿ ಹಿಡಿದಳು, ನನ್ನ ಮುಖ ನೋಡಿದಳು, ಕೈ ಇಳಿಸಿ ಅಳತೊಡಗಿದಳು. "ಕೊಡಿಲ್ಲಿ" ಎಂದು ಬೀಗತಿ ಎದ್ದು ಬಂದರು.

ಸಿಸ್ಟರ್ ಹೇಳಿದಂತೆ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದರು. ಲಾರಿಗಟ್ಟಲೆ ಕಲ್ಲು ತಟ್ಟಿ ನೋಡಿದ ಆ ಬೆರಳುಗಳು ಒಮ್ಮೆ ಬಿಟ್ಟು, ಜಾಗ ನೋಡಿ ಮತ್ತೆ ಹಿಡಿದವು. ನಾನು ಗೋಡೆಯ ಕಡೆ ನೋಡುತ್ತಾ ಕೂತೆ. ಸೂಜಿ ಒಳಗೆ ಹೋಯಿತು, ಔಷಧಿ ಇಳಿಯಿತು, ಹತ್ತಿ ಒತ್ತಿ ಹಿಡಿದರು. ಬಹಳ ಹೊತ್ತು ಒತ್ತಿ ಹಿಡಿದೇ ನಿಂತರು.

"ನೋವಾತೇನ್ರಿ ಅಣ್ಣಾರೆ?"

"ಇಲ್ರಿ ಅಕ್ಕಾರೆ. ಏನೂ ಆಗ್ಲಿಲ್ಲ."

"ಖರೇ ಹೇಳ್ರಿ. ಮತ್ತ ಸುಳ್ಳು ಬ್ಯಾಡ."

"ಸ್ವಲ್ಪ ಆತ್ರಿ," ಎಂದೆ.

"ಹಂಗಾದ್ರ ಮೊಮ್ಮಗನಿಗಿ ಇನ್ನೂ ಮೆಲ್ಲಕ ಹಾಕ್ತೀನಿ," ಎಂದರು.